ಚುಚ್ಚುಮಾತಿನ ಫೋನಿನಿಂದ ಹೊರಟ ದಾರಿ

1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಕೆಲವು ಮಹಿಳೆಯರಿಗೆ ಒಂದು ವಿಚಿತ್ರ ಫೋನ್ ಕರೆ ಬಂತು. ಕರೆ ಮಾಡಿದವರು ತಾವು ಜನಾಭಿಪ್ರಾಯ ಸಂಗ್ರಹಿಸುವವರೆಂದು ಪರಿಚಯ ಹೇಳಿಕೊಂಡು, ಮಾತಿನ ನಡುವೆ ಒಂದು ಚುಚ್ಚುಮಾತು ತೂರಿಸಿದರು. ಕೆಲವರಿಗೆ, ನೀವು ಊರ ಕೆಲಸಕ್ಕೆ ಕೈಜೋಡಿಸುವವರಲ್ಲವಂತೆ ಎಂದು. ಇನ್ನು ಕೆಲವರಿಗೆ, ಕಾರು ಓಡಿಸುವಾಗ ನಿಮಗೆ ಎಚ್ಚರ ಸಾಲದಂತೆ ಎಂದು. ಮತ್ತೊಂದು ಗುಂಪಿಗೆ ಸಿಕ್ಕಿದ್ದು ಹೊಗಳಿಕೆ: ನೀವು ನಾಲ್ಕು ಜನರಿಗೆ ಆಗುವವರಂತೆ ಎಂದು.

ಒಂದೆರಡು ದಿನ ಬಿಟ್ಟು ಅದೇ ಮಹಿಳೆಯರಿಗೆ ಇನ್ನೊಂದು ಕರೆ. ದನಿ ಬೇರೆ, ವಿಷಯವೂ ಬೇರೆ. ಊರಿನಲ್ಲಿ ಆಹಾರ ಪದಾರ್ಥಗಳ ಸಹಕಾರ ಸಂಘ ಕಟ್ಟುವ ಯೋಚನೆಯಿದೆ, ನಿಮ್ಮ ಅಡುಗೆಮನೆಯಲ್ಲಿ ಏನೇನು ಸಾಮಾನಿದೆ ಎಂದು ಪಟ್ಟಿ ಮಾಡಿಕೊಡುತ್ತೀರಾ ಎಂಬ ಕೋರಿಕೆ. ಡಬ್ಬ ಡಬ್ಬ ತೆರೆದು ನೋಡಬೇಕಾದ, ಸಮಯ ತಿನ್ನುವ ಕೆಲಸ ಅದು.

ಈ ಎರಡೂ ಕರೆಗಳ ಹಿಂದೆ ಇದ್ದವರು ಕ್ಲಾಡ್ ಸ್ಟೀಲ್. 1946ರಲ್ಲಿ ಷಿಕಾಗೋ ಸೀಮೆಯಲ್ಲಿ ಹುಟ್ಟಿದ ಕಪ್ಪು ಜನಾಂಗದ ಯುವಕ, 1971ರಲ್ಲಿ ಡಾಕ್ಟರೇಟ್ ಮುಗಿಸಿ ಯೂಟಾ ವಿಶ್ವವಿದ್ಯಾಲಯಕ್ಕೆ ಮನಶ್ಶಾಸ್ತ್ರದ ಮೇಷ್ಟ್ರಾಗಿ ಬಂದಿದ್ದರು. ಆಗ ಆ ಊರಿನಲ್ಲಿ ಮಾರ್ಮನ್ ಪಂಥದವರೇ ಹೆಚ್ಚಾಗಿದ್ದರು. ನೆರೆಹೊರೆಯ ಕೆಲಸಕ್ಕೆ ಹೆಗಲು ಕೊಡುವುದು ಅವರ ಬದುಕಿನ ಬೇರಿಗೆ ಸೇರಿದ ಸಂಗತಿ. ಅಂಥವರಿಗೆ ‘ನೀವು ಸಹಕರಿಸುವವರಲ್ಲ’ ಎಂದರೆ ಏನಾಗುತ್ತದೆ? ಆ ಮಾತನ್ನು ಸುಳ್ಳು ಮಾಡಲು ಅವರು ಎರಡನೆಯ ಕರೆಗೆ ಹೆಚ್ಚು ಒಪ್ಪುತ್ತಾರೆ. ಸ್ಟೀಲ್ ನಿರೀಕ್ಷಿಸಿದ್ದು ಇದನ್ನು, ಆದದ್ದೂ ಇದೇ. ಹೊಗಳಿಸಿಕೊಂಡವರಿಗಿಂತ ಚುಚ್ಚಿಸಿಕೊಂಡವರೇ ಹೆಚ್ಚು ಸಂಖ್ಯೆಯಲ್ಲಿ ಅಡುಗೆಮನೆಯ ಪಟ್ಟಿ ಮಾಡಿಕೊಟ್ಟರು.

ನಿರೀಕ್ಷೆ ಮೀರಿದ್ದು ಕಾರಿನ ಗುಂಪು. ಎಚ್ಚರವಿಲ್ಲದೆ ಕಾರು ಓಡಿಸುತ್ತೀರಿ ಎನ್ನಿಸಿಕೊಂಡವರೂ ಅಷ್ಟೇ ಪ್ರಮಾಣದಲ್ಲಿ ಸಹಾಯಕ್ಕೆ ಒಪ್ಪಿದ್ದರು. ಕಾರಿಗೂ ಅಡುಗೆಮನೆಯ ಬೇಳೆ ಡಬ್ಬಕ್ಕೂ ಏನು ಸಂಬಂಧ? ಪಟ್ಟಿ ಮಾಡಿಕೊಟ್ಟರೆ ಕಾರು ಓಡಿಸುವ ಬಗ್ಗೆ ಬಂದ ಆಪಾದನೆ ಅಳಿಸುವುದಿಲ್ಲವಲ್ಲ. ಈ ಪ್ರಶ್ನೆಯನ್ನು ಸ್ಟೀಲ್ ಬಿಡಲಿಲ್ಲ. 1975ರಲ್ಲಿ ಫಲಿತಾಂಶ ಅಚ್ಚಾಯಿತು. ಪೂರ್ತಿ ಉತ್ತರ ಅವರ ಕೈಯಲ್ಲಿ ಅಚ್ಚಾಗುವ ಹೊತ್ತಿಗೆ 1988 ಬಂದಿತ್ತು. ನಮ್ಮ ನಮ್ಮ ಮೌಲ್ಯಗಳು, ಎಂದರೆ ಬದುಕಿನಲ್ಲಿ ನಾವು ಯಾವುದನ್ನು ದೊಡ್ಡದೆಂದು ಹಿಡಿದಿದ್ದೇವೆ ಎಂಬುದು, ನಿಜಕ್ಕೂ ಏನು ಕೆಲಸ ಮಾಡುತ್ತವೆ ಎಂದು ಪ್ರಯೋಗದಿಂದ ತಿಳಿದದ್ದು ಈ ದಾರಿಯಲ್ಲಿ. ಮೌಲ್ಯಗಳ ಬಗ್ಗೆ ನಮ್ಮಲ್ಲಿ ಭಾಷಣಗಳಿಗೆ ಬರವಿಲ್ಲ. ಅವು ಮನಸ್ಸಿನೊಳಗೆ ಹೇಗೆ ದುಡಿಯುತ್ತವೆ ಎಂದು ಹೇಳುವವರು ಮಾತ್ರ ಕಡಿಮೆ. ಅದಕ್ಕೇ ಈ ಕತೆಯನ್ನು ವಿವರವಾಗಿ ಹೇಳಬೇಕೆನಿಸಿತು.

ಆಗ ಮನಶ್ಶಾಸ್ತ್ರದಲ್ಲಿ ಆಳುತ್ತಿದ್ದುದು ಲಿಯಾನ್ ಫೆಸ್ಟಿಂಗರ್ ಅವರ ಸಿದ್ಧಾಂತ. ಒಂದಕ್ಕೊಂದು ಹೊಂದದ ಎರಡು ವಿಚಾರಗಳು ತಲೆಯಲ್ಲಿ ಕೂತರೆ ಮನುಷ್ಯನಿಗೆ ಕಸಿವಿಸಿಯಾಗುತ್ತದೆ, ಅದನ್ನು ಕಳೆಯಲು ಅವನು ಯಾವುದಾದರೊಂದು ವಿಚಾರವನ್ನು ತಿರುಚಿಕೊಳ್ಳುತ್ತಾನೆ ಎಂಬುದು ಅದರ ತಿರುಳು. 1957ರಲ್ಲಿ ಪುಸ್ತಕವಾಗಿ ಬಂದ ಈ ವಿಚಾರದ ಬೀಜ ನಮ್ಮ ದೇಶದಿಂದ ಹೋದದ್ದು. 1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾಯಿತು. ನೆಲ ನಡುಗಿದರೂ ಹಾನಿಯಾಗದ ಪ್ರದೇಶದ ಜನರಲ್ಲಿ, ಇನ್ನೂ ದೊಡ್ಡ ಅನಾಹುತ ಬರಲಿದೆ ಎಂಬ ಗಾಳಿಸುದ್ದಿ ಹಬ್ಬಿತು. ಪ್ರಸಾದ್ ಎಂಬ ಭಾರತೀಯ ವಿದ್ವಾಂಸರು ಆ ಗಾಳಿಸುದ್ದಿಗಳನ್ನು ಕಲೆಹಾಕಿ ಪ್ರಬಂಧ ಬರೆದಿದ್ದರು. ಅದನ್ನು ಓದಿದ ಫೆಸ್ಟಿಂಗರ್‌ಗೆ, ಹೆದರಿದ ಜನ ಮತ್ತಷ್ಟು ಹೆದರಿಸುವ ಸುದ್ದಿಯನ್ನೇಕೆ ಹುಟ್ಟಿಸುತ್ತಾರೆ ಎಂಬ ಪ್ರಶ್ನೆ ಹತ್ತಿತು. ಆಗಲೇ ಒಳಗಿರುವ ಭಯಕ್ಕೆ ಒಂದು ಕಾರಣ ಬೇಕಲ್ಲ, ಆ ಕಾರಣವನ್ನು ಗಾಳಿಸುದ್ದಿ ಒದಗಿಸುತ್ತದೆ ಎಂದು ಅವರಿಗೆ ಹೊಳೆಯಿತು. ಬಿಹಾರದ ಹಳ್ಳಿ ಪಟ್ಟಣಗಳ ಪಿಸುಮಾತು ಜಗತ್ತಿನ ಮನಶ್ಶಾಸ್ತ್ರ ತರಗತಿಗಳಿಗೆ ಹೋಗಿ ತಲುಪಿದ್ದು ಹೀಗೆ. ನಮ್ಮ ಪಠ್ಯಗಳಲ್ಲಿ ಇದಕ್ಕೊಂದು ಪುಟ ಸಿಗಬೇಕಿತ್ತು.

ಈ ಸಿದ್ಧಾಂತದ ಪ್ರಕಾರ ಕಾರಿನ ಆಪಾದನೆ ಕಾರಿನ ಮಾತಿನಿಂದಲೇ ಇತ್ಯರ್ಥವಾಗಬೇಕು. ಸಾಲ್ಟ್ ಲೇಕ್ ಸಿಟಿಯ ಮಹಿಳೆಯರು ಹಾಗೆ ಮಾಡಿರಲಿಲ್ಲ. ಬಹುಶಃ ಅವರಿಗೆ ನೋವಾದದ್ದು ಕಾರಿನ ಬಗ್ಗೆ ಬಂದ ಮಾತಿನಿಂದಲ್ಲ, ನಾನೊಬ್ಬ ಒಳ್ಳೆಯ, ಸಮರ್ಥ ವ್ಯಕ್ತಿ ಎಂಬ ಒಟ್ಟು ನಂಬಿಕೆಗೆ ಬಿದ್ದ ಪೆಟ್ಟಿನಿಂದ. ಹಾಗಿದ್ದರೆ ಆ ನಂಬಿಕೆಯನ್ನು ಬೇರೆ ಯಾವುದೇ ದಿಕ್ಕಿನಿಂದ ಸರಿಪಡಿಸಿಕೊಂಡರೂ ಸಾಕು. ಒಳ್ಳೆಯ ಬಾವಿಗೆ ಹಲವು ಒರತೆಗಳಿರುತ್ತವೆ, ಒಂದು ಬತ್ತಿದರೆ ಮತ್ತೊಂದು ನೀರು ಕೊಡುತ್ತದೆ. ಸ್ಟೀಲ್ ಕಾಣತೊಡಗಿದ್ದು ಇಂಥದ್ದನ್ನು.

ಕಂಡದ್ದನ್ನು ಪರೀಕ್ಷಿಸಲು ಅವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಥಾಮಸ್ ಲಿಯು ಎಂಬವರ ಜತೆ ಒಂದು ಪ್ರಯೋಗ ಹೂಡಿದರು. ವಿದ್ಯಾರ್ಥಿಗಳಿಂದ ಕಾಲೇಜು ಶುಲ್ಕ ಏರಿಕೆಯನ್ನು ಸಮರ್ಥಿಸುವ ಪ್ರಬಂಧ ಬರೆಸಿದರು. ಶುಲ್ಕ ಏರುವುದು ಯಾವ ವಿದ್ಯಾರ್ಥಿಗೆ ಬೇಕು? ಮನಸ್ಸಿಗೆ ವಿರುದ್ಧವಾಗಿ ಬರೆದವರು, ಫೆಸ್ಟಿಂಗರ್ ಹೇಳಿದ ಹಾಗೆ, ಬರೆದ ಮೇಲೆ ಏರಿಕೆಯೂ ಅಷ್ಟೇನೂ ಕೆಟ್ಟದ್ದಲ್ಲ ಎಂದು ತಮ್ಮ ಅಭಿಪ್ರಾಯವನ್ನೇ ಬದಲಿಸಿಕೊಳ್ಳುವುದು ವಾಡಿಕೆ. ಆದರೆ ಅಭಿಪ್ರಾಯ ಕೇಳುವ ಮೊದಲು ಸ್ಟೀಲ್ ಒಂದು ಹಳೆಯ ಪ್ರಶ್ನಾವಳಿಯ ಭಾಗವನ್ನು ಅವರ ಕೈಗಿತ್ತರು. ಅದರಲ್ಲಿದ್ದುದು ಹಣಕಾಸು ಮತ್ತು ರಾಜಕೀಯಕ್ಕೆ ಸಂಬಂಧಿಸಿದ ಮೌಲ್ಯಗಳ ಪ್ರಶ್ನೆಗಳು. ಅವನ್ನು ಬದುಕಿನಲ್ಲಿ ನಿಜಕ್ಕೂ ದೊಡ್ಡದೆಂದು ಎಣಿಸಿದ್ದ ವಿದ್ಯಾರ್ಥಿಗಳು ಆ ಪುಟಗಳನ್ನು ತುಂಬಿದ ಮೇಲೆ ಅಭಿಪ್ರಾಯ ತಿರುಚಿಕೊಳ್ಳಲಿಲ್ಲ. ಬರೆದದ್ದು ಬರೆದೆ, ಏರಿಕೆ ಬೇಡ ಎನ್ನುವುದೂ ನಿಜ ಎಂದು ಎರಡನ್ನೂ ಇಟ್ಟುಕೊಂಡು ನೆಮ್ಮದಿಯಾಗಿದ್ದರು. ಆ ಮೌಲ್ಯಗಳು ಮುಖ್ಯವಲ್ಲದ ವಿದ್ಯಾರ್ಥಿಗಳಿಗೆ ಅದೇ ಪುಟಗಳಿಂದ ಏನೂ ಆಗಲಿಲ್ಲ.

ಆ ಹಳೆಯ ಪ್ರಶ್ನಾವಳಿಯ ಕತೆಯೂ ದೊಡ್ಡದು. ಜರ್ಮನಿಯ ತತ್ವಜ್ಞಾನಿ ಎಡುವರ್ಡ್ ಷ್ಪ್ರಾಂಗರ್ ಮನುಷ್ಯರ ಒಲವುಗಳನ್ನು ಆರು ಬಗೆಯಾಗಿ ಕಂಡಿದ್ದರು: ಸತ್ಯವನ್ನು ಹುಡುಕುವವರು, ಉಪಯೋಗವನ್ನು ನೋಡುವವರು, ಚೆಲುವಿಗೆ ಸೋಲುವವರು, ಜನರನ್ನು ಪ್ರೀತಿಸುವವರು, ಅಧಿಕಾರ ಬಯಸುವವರು, ಭಕ್ತಿಯಲ್ಲಿ ನಿಲ್ಲುವವರು. 1920ರ ದಶಕದಲ್ಲಿ ಜರ್ಮನಿಯಲ್ಲಿ ಓದಿ ಬಂದ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್, ಫಿಲಿಪ್ ವರ್ನನ್ ಜತೆ ಸೇರಿ ಈ ಆರನ್ನು ಅಳೆಯುವ ಪ್ರಶ್ನಾವಳಿಯನ್ನು 1931ರಲ್ಲಿ ಹೊರತಂದರು. ಅರ್ಧ ಶತಮಾನ ಅದು ಅಳತೆಯ ಸಾಧನವಾಗಿಯೇ ಇತ್ತು. ಅದನ್ನು ತುಂಬುವವರ ಮನಸ್ಸಿನಲ್ಲಿ ಆ ಗಳಿಗೆಯಲ್ಲೇ ಏನೋ ನಡೆಯುತ್ತಿರಬಹುದು ಎಂದು ಗಮನಿಸಿ ಅದನ್ನು ಪ್ರಯೋಗಕ್ಕೆ ತಿರುಗಿಸಿಕೊಂಡದ್ದು ಸ್ಟೀಲ್ ಮತ್ತು ಲಿಯು. ಅವರ ಪ್ರಬಂಧ ಬಂದದ್ದು 1983ರಲ್ಲಿ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅದರ ಮುಂದಿನ ಪ್ರಯೋಗ. ವಿದ್ಯಾರ್ಥಿಗಳ ಮುಂದೆ ಹತ್ತು ಗಾನಮುದ್ರಿಕೆಗಳನ್ನಿಟ್ಟು ಇಷ್ಟದ ಕ್ರಮದಲ್ಲಿ ಜೋಡಿಸಿ ಎಂದರು. ಐದನೆಯದು, ಆರನೆಯದು, ಇವೆರಡರಲ್ಲಿ ಒಂದನ್ನು ಮನೆಗೆ ಒಯ್ಯಬಹುದು ಎಂದರು. ಹೆಚ್ಚುಕಡಿಮೆ ಸಮನಾದ ಎರಡರಲ್ಲಿ ಒಂದನ್ನು ಆರಿಸಿದ ಮೇಲೆ ನಾವು ಆರಿಸಿದ್ದನ್ನು ಏರಿಸಿ, ಬಿಟ್ಟದ್ದನ್ನು ಇಳಿಸಿ ಮಾತನಾಡುತ್ತೇವೆ. ಸೀರೆ ಕೊಂಡ ಮೇಲೆ, ಸೈಟು ಕೊಂಡ ಮೇಲೆ ನಾವೆಲ್ಲ ಮಾಡುವುದು ಇದನ್ನೇ. ಆ ಗಾನಮುದ್ರಿಕೆಗಳಿಗೆ ಮತ್ತೊಮ್ಮೆ ಅಂಕ ಹಾಕಿಸುವ ಮೊದಲು ಅರ್ಧ ಜನರಿಗೆ ಪ್ರಯೋಗಾಲಯದ ಬಿಳಿ ಕೋಟು ತೊಡಿಸಿದರು, ಮುಂದಿನ ಕೆಲಸಕ್ಕೆ ಬೇಕು ಎಂಬ ನೆಪ ಹೇಳಿ. ವಿಜ್ಞಾನವನ್ನೇ ಬದುಕಾಗಿ ಆರಿಸಿಕೊಂಡ ವಿದ್ಯಾರ್ಥಿಗಳು ಆ ಕೋಟು ತೊಟ್ಟಾಗ ತಮ್ಮ ಆಯ್ಕೆಯನ್ನು ಹೊಗಳಿಕೊಳ್ಳಲಿಲ್ಲ. ವ್ಯವಹಾರ ಶಾಸ್ತ್ರದ ವಿದ್ಯಾರ್ಥಿಗಳಿಗೆ ಅದೇ ಕೋಟು ಬರೀ ಬಟ್ಟೆಯಾಗಿತ್ತು. ಮೌಲ್ಯ ಎನ್ನುವುದು ಬಾಯಲ್ಲಿ ಹೇಳಿದರೆ ಮಾತ್ರ ಎಚ್ಚರವಾಗುತ್ತದೆ ಎಂದೇನಿಲ್ಲ, ನಾನು ಯಾರು ಎಂದು ನೆನಪಿಸುವ ಒಂದು ಬಿಳಿ ಕೋಟು ಸಾಕಾಯಿತು.

1988ರಲ್ಲಿ ಸ್ಟೀಲ್ ಇದೆಲ್ಲವನ್ನೂ ಸೇರಿಸಿ ‘ಸೆಲ್ಫ್ ಅಫರ್ಮೇಷನ್’ ಎಂಬ ಸಿದ್ಧಾಂತವಾಗಿ ಬರೆದರು. ಅದರ ಸಾರ ಇಷ್ಟು: ನಾವು ತಪ್ಪನ್ನು ಒಪ್ಪದೆ ವಾದಿಸುವುದು, ಕಹಿ ಸುದ್ದಿಗೆ ಕಿವಿ ಮುಚ್ಚುವುದು, ನೆಪ ಹುಡುಕುವುದು ಇವೆಲ್ಲ ದಡ್ಡತನದಿಂದಲ್ಲ. ನಮ್ಮ ಮಾನ ಆ ಒಂದೇ ವಿಷಯದ ಮೇಲೆ ನಿಂತಿದೆ ಎಂದು ಆ ಗಳಿಗೆಯಲ್ಲಿ ಅನಿಸುವುದರಿಂದ. ನಮಗೆ ನಿಜಕ್ಕೂ ದೊಡ್ಡದಾದದ್ದು ಬೇರೆಡೆ ಭದ್ರವಾಗಿದೆ ಎಂದು ನೆನಪಾದರೆ ಕಹಿಯನ್ನೂ ಕೇಳುವಷ್ಟು ಜಾಗ ಮನಸ್ಸಿನಲ್ಲಿ ಬಿಡುವಾಗುತ್ತದೆ.

ಕಾಫಿಯ ಪ್ರಯೋಗವೊಂದನ್ನು ಇಲ್ಲಿ ಹೇಳಲೇಬೇಕು. 2000ದಲ್ಲಿ ಡೇವಿಡ್ ಶರ್ಮನ್ ಮತ್ತು ಸಂಗಡಿಗರು, ಸ್ಟೀಲ್ ಅವರೂ ಸೇರಿ, ಕಾಫಿಗೂ ಸ್ತನದ ಒಂದು ತೊಂದರೆಗೂ ನಂಟು ಕಟ್ಟುವ ಲೇಖನವನ್ನು ಮಹಿಳೆಯರಿಗೆ ಓದಿಸಿದರು. ಕಾಫಿ ಕುಡಿಯದವರು ಸುಲಭವಾಗಿ ಒಪ್ಪಿದರು. ಕಾಫಿ ಪ್ರಿಯರು ಸಂಶಯದಿಂದ ನೋಡಿದರು. ಯಾರ ಮನೆಯ ಬೆಳಗು ಕಾಫಿಯಿಂದ ಆಗುತ್ತದೋ ಅವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ತಮಗೆ ಮುಖ್ಯವಾದ ಮೌಲ್ಯವೊಂದರ ಬಗ್ಗೆ ಬರೆದಿದ್ದ ಕಾಫಿ ಪ್ರಿಯರು ಲೇಖನದ ಎಚ್ಚರಿಕೆಯನ್ನು ಹೆಚ್ಚು ತೆರೆದ ಮನಸ್ಸಿನಿಂದ ತೆಗೆದುಕೊಂಡರು. 2005ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ರೆಸ್ವೆಲ್ ಮತ್ತು ಗೆಳೆಯರು 85 ವಿದ್ಯಾರ್ಥಿಗಳನ್ನು ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಬಾಯಿಲೆಕ್ಕ ಹಾಕಿಸಿ, ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು. ಮೊದಲು ತಮ್ಮ ಮುಖ್ಯ ಮೌಲ್ಯದ ಬಗ್ಗೆ ಯೋಚಿಸಿದ್ದವರಲ್ಲಿ ಆ ಒತ್ತಡದ ಹಾರ್ಮೋನು ಅಷ್ಟು ಏರಲಿಲ್ಲ. ಮನಸ್ಸಿನ ಮಾತು ಮೈಯ ಲೆಕ್ಕಕ್ಕೂ ಬಂದದ್ದು ಆಗ.

ಇನ್ನು ಈ ಕತೆಯ ದೊಡ್ಡ ತಿರುವು, ಶಾಲೆಯದು. ಸ್ಟೀಲ್ 1987ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿನ ಅಂಕಪಟ್ಟಿಗಳಲ್ಲಿ ಒಂದು ವಿಚಿತ್ರ ಕಂಡಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಸಮನಾಗಿ ಗಳಿಸಿದ್ದರೂ ಕಪ್ಪು ವಿದ್ಯಾರ್ಥಿಗಳು ಮುಂದೆ ಕಡಿಮೆ ದರ್ಜೆ ಪಡೆಯುತ್ತಿದ್ದರು. ಜಾಣತನದ ಕೊರತೆ ಇದಕ್ಕೆ ಕಾರಣವಾಗಲಾರದು. ನಾನು ಸೋತರೆ ನಮ್ಮ ಜನವೇ ಇಷ್ಟು ಎನ್ನುತ್ತಾರೆ ಎಂಬ ಅಂಜಿಕೆ ಪರೀಕ್ಷೆಯ ಹೊತ್ತಿನಲ್ಲಿ ಮನಸ್ಸನ್ನು ತಿನ್ನುತ್ತದೆ ಎಂದು 1995ರಲ್ಲಿ ಅವರು ಜೋಷುವಾ ಆರನ್ಸನ್ ಜತೆ ಬರೆದರು. ನಮ್ಮ ತರಗತಿಗಳಲ್ಲಿ ಜಾತಿಯ, ಊರಿನ, ಇಂಗ್ಲಿಷಿನ ಹೆಸರಿನಲ್ಲಿ ಮಕ್ಕಳು ಹೊರುವ ಭಾರವನ್ನು ಬಲ್ಲವರಿಗೆ ಈ ಮಾತು ದೂರದ್ದೆನಿಸದು.

ಅಂಜಿಕೆಯಿಂದ ನೋವಾಗುತ್ತಿದ್ದರೆ ಮೌಲ್ಯದ ಬರವಣಿಗೆಯಿಂದ ಅದು ತಗ್ಗಬೇಕಲ್ಲವೇ? ಜೆಫ್ರಿ ಕೊಹೆನ್, ಹೂಲಿಯೊ ಗಾರ್ಸಿಯಾ ಮತ್ತು ಸಂಗಡಿಗರು ಅಮೆರಿಕದ ಈಶಾನ್ಯ ಭಾಗದ ಒಂದು ಶಾಲೆಯ ಏಳನೆಯ ತರಗತಿಯಲ್ಲಿ ಇದನ್ನು ನೋಡಹೊರಟರು. ಶಾಲೆ ಆರಂಭವಾದ ಹೊಸದರಲ್ಲಿ ಮೇಷ್ಟ್ರು ಪ್ರತಿ ಮಗುವಿಗೂ ಒಂದು ಲಕೋಟೆ ಕೊಟ್ಟರು. ಯಾವ ಲಕೋಟೆಯಲ್ಲಿ ಏನಿದೆ ಎಂದು ಮೇಷ್ಟ್ರಿಗೂ ತಿಳಿಯದು. ಒಳಗೊಂದು ಪಟ್ಟಿ: ಗೆಳೆಯರು ಮತ್ತು ಮನೆಯವರ ನಂಟು, ಚಿತ್ರಕಲೆ, ಆಟ, ಸಂಗೀತ ಹೀಗೆ. ಅರ್ಧ ಮಕ್ಕಳು ತಮಗೆ ಮುಖ್ಯವಾದದ್ದನ್ನು ಆರಿಸಿ ಅದು ಏಕೆ ಮುಖ್ಯ ಎಂದು ಬರೆದರು. ಉಳಿದರ್ಧ ತಮಗೆ ಮುಖ್ಯವಲ್ಲದ್ದನ್ನು ಆರಿಸಿ, ಅದು ಬೇರೆ ಯಾರಿಗಾದರೂ ಏಕೆ ಮುಖ್ಯವಾಗಬಹುದು ಎಂದು ಬರೆದರು. ಎಲ್ಲ ಸೇರಿ ಹದಿನೈದು ನಿಮಿಷ. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಮಗೆ ಮುಖ್ಯವಾದದ್ದರ ಬಗ್ಗೆ ಬರೆದವರಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳ ದರ್ಜೆಯ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಎರಡು ವರ್ಷ ಹಿಂಬಾಲಿಸಿ 2009ರಲ್ಲಿ ಬರೆದ ವರದಿಯಲ್ಲಿ, ಹಿಂದುಳಿದಿದ್ದ ಕಪ್ಪು ಮಕ್ಕಳಲ್ಲಿ ಹೆಚ್ಚುವರಿ ಪಾಠಕ್ಕೆ ಹೋಗಬೇಕಾದ ಅಥವಾ ಅದೇ ತರಗತಿಯಲ್ಲಿ ಉಳಿಯಬೇಕಾದವರು ಶೇ. 18ರಿಂದ 5ಕ್ಕೆ ಇಳಿದಿದ್ದರು ಎಂದಿತ್ತು. ಮುಂದಿನ ವರ್ಷ ಕೊಲರಾಡೊ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಯಲ್ಲಿ ಹುಡುಗಿಯರ ದರ್ಜೆಯೂ ಹೀಗೆಯೇ ಏರಿದ ಸುದ್ದಿ ಬಂತು.

ಹದಿನೈದು ನಿಮಿಷ ಏನು ಮಾಡಿರಬಹುದು? ಸಂಶೋಧಕರ ವಿವರಣೆ ನನಗೆ ಸರಿ ಎನಿಸುತ್ತದೆ. ಶಾಲೆಯ ಮೊದಲ ವಾರಗಳಲ್ಲಿ ಬಿದ್ದ ಒಂದು ಕಡಿಮೆ ಅಂಕ ಅಂಜಿಕೆಯನ್ನು ಹೆಚ್ಚಿಸುತ್ತದೆ, ಅಂಜಿಕೆ ಮುಂದಿನ ಅಂಕವನ್ನು ಇಳಿಸುತ್ತದೆ. ಸುರುಳಿ ಕೆಳಮುಖವಾಗುವ ಮೊದಲೇ ಅದನ್ನು ಮುರಿದರೆ ಸಣ್ಣ ಕೈಯಾಸರೆಯೂ ದೂರ ಹೋಗುತ್ತದೆ. ಪಾಠ ಚೆನ್ನಾಗಿರುವ, ಮೇಷ್ಟ್ರು ಕಾಳಜಿಯಿಂದ ಕಲಿಸುವ ಕಡೆ ಮಾತ್ರ ಇದು ನಡೆದೀತು. ಪುಸ್ತಕವಿಲ್ಲದ, ಮೇಷ್ಟ್ರಿಲ್ಲದ ಶಾಲೆಗೆ ಪ್ರಬಂಧ ಬರೆಸಿ ಉಪಯೋಗವಿಲ್ಲ.

ಎಲ್ಲ ಕಡೆಯೂ ಫಲ ಒಂದೇ ಬಗೆಯಾಗಿ ಬರಲಿಲ್ಲ ಎಂಬುದನ್ನೂ ಹೇಳಬೇಕು. ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದ 11 ಶಾಲೆಗಳಲ್ಲಿ ಇದೇ ಪ್ರಯೋಗ ಮಾಡಿದಾಗ ಮೊದಲ ಬಾರಿ ಪರಿಣಾಮ ಸಿಕ್ಕರೂ ಅದು ಚಿಕ್ಕದಾಗಿತ್ತು, ಮುಂದಿನ ಬ್ಯಾಚಿನ ಮಕ್ಕಳಲ್ಲಿ ಸಿಗಲೇ ಇಲ್ಲ. ಮೌಲ್ಯದ ಬರವಣಿಗೆಯನ್ನು ಮಂತ್ರದಂತೆ ಮಾರುವವರನ್ನು ಕಂಡರೆ ಈ ಫಲಿತಾಂಶವನ್ನು ಅವರ ಮುಂದಿಡಬೇಕು. ಇದು ಯಾವ ಮಕ್ಕಳಿಗೆ, ಯಾವ ಹೊತ್ತಿನಲ್ಲಿ, ಎಂಥ ಶಾಲೆಯಲ್ಲಿ ಕೈ ಹಿಡಿಯುತ್ತದೆ ಎಂಬ ಪ್ರಶ್ನೆ ಇನ್ನೂ ಜೀವಂತವಾಗಿದೆ.

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಅಂಶ ತಡವಾಗಿ ಬೆಳಕಿಗೆ ಬಂತು. ಮೌಲ್ಯದ ಬಗ್ಗೆ ಬರೆದಾಗ ‘ನಾನು ದೊಡ್ಡವನು’ ಎಂಬ ಹೆಮ್ಮೆ ಉಕ್ಕುತ್ತದೆ, ಅದೇ ಕಾಪಾಡುತ್ತದೆ ಎಂದು ಬಹಳ ಕಾಲ ಭಾವಿಸಿದ್ದರು. ಮಿಷಿಗನ್‌ನ ಜೆನಿಫರ್ ಕ್ರಾಕರ್ ಮತ್ತು ಜತೆಗಾರರು 2008ರಲ್ಲಿ, ಬರೆದ ಮೇಲೆ ನಿಮಗೇನನಿಸಿತು ಎಂದು ನೇರವಾಗಿ ಕೇಳಿದರು. ಎದ್ದು ಕಂಡ ಭಾವ ಪ್ರೀತಿ. ತಮಗಿಂತ ಆಚೆ ಇರುವ ಯಾರದೋ, ಯಾವುದರದೋ ಜತೆಗಿನ ನಂಟು. 2013ರಲ್ಲಿ ನುರಿತ್ ಶ್ನಾಬೆಲ್ ಮತ್ತು ಕೊಹೆನ್ ತಂಡ ಶಾಲೆಯ ಮಕ್ಕಳ ಬರಹಗಳನ್ನು ಓದಿ ನೋಡಿದಾಗಲೂ ಅದೇ ಕಂಡಿತು. ಯಾವ ಮಕ್ಕಳು ತಾವು ಯಾರ ಜತೆ ಸೇರಿದವರು ಎಂಬ ಬಗ್ಗೆ ಬರೆದಿದ್ದರೋ ಅವರಿಗೇ ಹೆಚ್ಚು ಒಳಿತಾಗಿತ್ತು. ಅಣ್ಣ ಹೇಳಿಕೊಟ್ಟ ಆಟ, ಅಜ್ಜಿಯ ಜತೆ ಹಾಡಿದ ಹಾಡು, ಇಂಥವು. ಕನ್ನಡಿಯ ಮುಂದೆ ನಿಂತು ನಾನು ಗೆಲ್ಲುತ್ತೇನೆ ಎಂದು ಹತ್ತು ಸಲ ಹೇಳಿಸುವ ತರಬೇತಿಗಳಿಗೂ ಇದಕ್ಕೂ ಇರುವ ದೂರ ಇಲ್ಲಿದೆ. ಅಲ್ಲಿ ನಾನು ಎಂಬುದೇ ವಿಷಯ. ಇಲ್ಲಿ ವಿಷಯ ನನಗೆ ಬೇಕಾದವರು, ನಾನು ಬಾಗುವಂಥದ್ದು.

ಕೆಲಸ ಮಾಡುವ ರೀತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬರೆಸುವುದರ ಉದ್ದೇಶವನ್ನು ಮೊದಲೇ ಹೇಳಿಬಿಟ್ಟರೆ ಪರಿಣಾಮ ಕುಗ್ಗುತ್ತದೆ ಎಂದು ಶರ್ಮನ್ ತಂಡ 2009ರಲ್ಲಿ ಕಂಡಿತು. ಆದರೆ ಬರೆಯುವವರೇ ಬೇಕೆಂದು ಆರಿಸಿಕೊಂಡಾಗ, ಉದ್ದೇಶ ಗೊತ್ತಿದ್ದರೂ ಪ್ರಯೋಜನ ಉಳಿಯುತ್ತದೆ ಎಂದು ಮುಂದೆ ಕೊಹೆನ್ ಮತ್ತು ಸಂಗಡಿಗರು ತೋರಿಸಿದರು. ಇದನ್ನು ಓದಿದ ನಿಮಗೆ ಗುಟ್ಟು ಗೊತ್ತಾಗಿಬಿಟ್ಟಿದೆ. ಅದರಿಂದ ನಷ್ಟವೇನೂ ಇಲ್ಲ, ಬರೆಯುವ ಮನಸ್ಸು ನಿಮ್ಮದೇ ಆಗಿದ್ದರೆ.

ಹಾಗಾಗಿ ಮನೆಯಲ್ಲಿ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಓದುತ್ತಿರುವ ಮಕ್ಕಳಿರುವ ತಂದೆ ತಾಯಂದಿರಲ್ಲಿ, ಹೈಸ್ಕೂಲಿನ ಮೇಷ್ಟ್ರು ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಪರೀಕ್ಷೆ ಹತ್ತಿರವಾದಾಗ ಉಪದೇಶವನ್ನು ಒಂದು ದಿನ ಬದಿಗಿಡಿ. ನಿನಗೆ ಬದುಕಿನಲ್ಲಿ ತುಂಬ ಮುಖ್ಯವಾದದ್ದು ಯಾವುದು, ಏಕೆ, ಅದು ನಿನ್ನ ಕೈಹಿಡಿದ ಗಳಿಗೆ ಯಾವುದು ಎಂದು ಬರೆಯಲು ಒಂದು ಹಾಳೆ ಕೊಡಿ. ಬೇಡವೆಂದರೆ ಬಲವಂತ ಮಾಡಬೇಡಿ. ಬರೆದರೆ ಕಾಗುಣಿತ ತಿದ್ದಬೇಡಿ, ಅಂಕ ಹಾಕಬೇಡಿ, ಇದಕ್ಕಿಂತ ಒಳ್ಳೆಯ ಮೌಲ್ಯ ಆರಿಸಬಹುದಿತ್ತು ಎಂದು ಮಾತ್ರ ಎಂದೂ ಹೇಳಬೇಡಿ. ಆ ಹಾಳೆಯನ್ನು ಮಗುವಿನ ಹತ್ತಿರವೇ ಬಿಡಿ.